ಹಡಗಿನಲ್ಲಿ ಎದ್ದ ಗಂಧೆ: ಕಂಟ್ರೋಲರ್‌ಗೊಂದು ಪತ್ರ

ಲೋ ಕಂಟ್ರೋಲರ್,

ಡೆಕ್ ಮೇಲಿನ ಫೋಟೋ ನೋಡಿ "ಸಮುದ್ರದ ಬಿಸಿಲಿಗೆ ಒಳ್ಳೆ ಕೆಂಪಾಗಿದ್ದೀಯಲ್ಲೋ" ಅಂತ ಮೆಸೇಜ್ ಹಾಕಿದ್ದೆಯಲ್ಲ, ಅದು ಬಿಸಿಲಲ್ಲ ಮಾರಾಯ. ಗಂಧೆ. ಕುತ್ತಿಗೆಯಿಂದ ಮಂಡಿಯವರೆಗೆ, ನಕ್ಷೆಯಲ್ಲಿ ದ್ವೀಪಗಳು ಇರುತ್ತವಲ್ಲ, ಹಾಗೆ ಎದ್ದಿತ್ತು. ಉದ್ದ ತೋಳಿನ ಅಂಗಿ ಹಾಕಿದ್ದು ಸ್ಟೈಲಿಗೆ ಅಂದುಕೊಂಡೆಯಾ? ನನಗೂ ಸ್ಟೈಲಿಗೂ ಇರುವ ಸಂಬಂಧ ಹಳದಿ ಬಕೆಟ್ಟಿನ ಕಾಲದಿಂದ ನಿನಗೆ ಗೊತ್ತೇ ಇದೆ. (ಉಳಿದವರು ಕೇಳಬೇಡಿ. ಹಳದಿ ಬಕೆಟ್ ವಿಷಯ ಇಲ್ಲಿ ಹೇಳುವಂಥದ್ದಲ್ಲ.)

ಇದನ್ನೆಲ್ಲ ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನಿನಗೊಬ್ಬನಿಗೇ ಕಳಿಸಿದರೆ ನೀನು ಓದುವುದಿಲ್ಲ. ನಾಲ್ಕು ಜನರ ಮುಂದೆ ಹಾಕಿದರೆ, ನಿನ್ನ ಬಗ್ಗೆ ಏನು ಬರೆದಿದ್ದೇನೋ ಅಂತ ಹೆದರಿಕೊಂಡಾದರೂ ಓದುತ್ತೀಯ.

ಹಡಗು ಹೊರಟಾಗ ಎಲ್ಲ ಸರಿಯೇ ಇತ್ತು. ದಡ ಕಾಣದಷ್ಟು ದೂರ ಹೋದ ಮೇಲೆ ಶುರುವಾಯಿತು ನೋಡು. ಮೊದಲು ಸೊಂಟದಲ್ಲಿ, ಬೆಲ್ಟ್ ಬಿಗಿಯುವ ಜಾಗದಲ್ಲಿ. ಆಮೇಲೆ ತೊಡೆ, ಆಮೇಲೆ ಬೆನ್ನು, ಕೈಗೆ ಎಟುಕದ ಕಡೆಯೇ ಜಾಸ್ತಿ. ಕೆರೆದರೆ ಇನ್ನೂ ಉಬ್ಬುತ್ತದೆ, ಕೆರೆಯದಿದ್ದರೆ ತಲೆ ಕೆಡುತ್ತದೆ. ತಮಾಷೆ ಏನು ಗೊತ್ತಾ, ಅಕ್ಕನಿಗೆ ತೋರಿಸೋಣ ಅಂತ ಪಕ್ಕದ ಕ್ಯಾಬಿನ್‌ಗೆ ಓಡಿ ಹೋಗಿ ಅಂಗಿ ಎತ್ತಿದರೆ ಅಲ್ಲಿ ಏನೂ ಇಲ್ಲ. ನುಣ್ಣಗಿನ ಬೆನ್ನು. ಅಕ್ಕ ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ಗಂಡನ ಮುಖ ನೋಡಿದಳು. ಆ ನೋಟ ನಿನಗೆ ಗೊತ್ತಲ್ಲ, "ಇವನದ್ದು ಮತ್ತೆ ಶುರುವಾಯಿತು" ಅನ್ನುವ ನೋಟ.

ಭಾವ ಮಾತ್ರ ನಂಬಿದರು. ನಂಬಿದರು ಅನ್ನುವುದಕ್ಕಿಂತ, ನಿವೃತ್ತಿಯಾದ ಮೇಲೆ ಕೆಲಸವಿಲ್ಲದೆ ಒದ್ದಾಡುತ್ತಿದ್ದವರಿಗೆ ನನ್ನ ಮೈ ಒಂದು ಪ್ರಾಜೆಕ್ಟ್ ಆಗಿ ಸಿಕ್ಕಿತು. ಹಡಗಿನವರು ಕೊಟ್ಟ ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲೇ ಆರೋಪಿಗಳ ಹೆಸರು ಬರೆದುಕೊಂಡರು. ಮೊದಲನೆಯದು ಹಾಸಿಗೆಯ ಚಾದರ ಒಗೆಯುವ ಸೋಪು. ಕೋಣೆ ಗುಡಿಸುವ ಹುಡುಗ ಪಾಪ, ಬೇರೆ ಚಾದರ ಹಾಕಿದ, ಅದನ್ನೂ ಬದಲಾಯಿಸಿದ. ಗಂಧೆ ತನ್ನ ಪಾಡಿಗೆ ತಾನು ಏಳುತ್ತಲೇ ಇತ್ತು. ಆಮೇಲೆ ಸನ್‌ಸ್ಕ್ರೀನ್. ಕೆಲವು ಸನ್‌ಸ್ಕ್ರೀನ್ ಬರೀ ಹಚ್ಚಿದರೆ ಏನೂ ಮಾಡುವುದಿಲ್ಲವಂತೆ, ಅದರ ಮೇಲೆ ಬಿಸಿಲು ಬಿದ್ದಾಗಲೇ ಅಲರ್ಜಿ ಏಳುತ್ತದೆ. ಬಿಸಿಲಿನಿಂದ ಕಾಪಾಡಲು ಹಚ್ಚಿದ್ದು ಬಿಸಿಲು ಕಂಡ ಕೂಡಲೇ ತಿರುಗಿಬೀಳುವುದು, ನಮ್ಮ ಹಳೇ ಸೆಕ್ರೆಟರಿ ನೆನಪಾದ. ಆದರೆ ನನಗೆ ಎದ್ದಿದ್ದು ಬಿಸಿಲೇ ಬೀಳದ ಕಡೆ. ಭಾವ ಅದನ್ನು ಪಟ್ಟಿಯಿಂದ ಹೊಡೆದು ಹಾಕಿದರು.

ಬಿಸಿನೀರಿನ ತೊಟ್ಟಿ? ಸರಿಯಾಗಿ ಕ್ಲೋರಿನ್ ಹಾಕದ ತೊಟ್ಟಿಯಲ್ಲಿ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ರೋಮದ ಬುಡದಲ್ಲಿ ಕೆಂಪು ಗುಳ್ಳೆ ಏಳಿಸುತ್ತದೆ, ಅದು ನಿಜ. ನಾನು ಅದಕ್ಕೆ ಇಳಿದೇ ಇರಲಿಲ್ಲ, ಅಂಗಿ ಬಿಚ್ಚಬೇಕಲ್ಲ. ಸಮುದ್ರಕ್ಕೆ ಇಳಿದಾಗ ಕಣ್ಣಿಗೆ ಸುಲಭಕ್ಕೆ ಕಾಣದ ಅಂಬಲಿ ಮೀನಿನ (ಜೆಲ್ಲಿಫಿಶ್) ಮರಿಗಳು ಈಜುಡುಗೆಯೊಳಗೆ ಸಿಕ್ಕಿಕೊಂಡು ಕುಟುಕುತ್ತವೆ, ಅದೂ ನಿಜ. ಅದಾದರೆ ಬಟ್ಟೆ ಮುಚ್ಚಿದ ಕಡೆಯೇ ಜಾಸ್ತಿ ಏಳುತ್ತದೆ, ಹೀಗೆ ಊರೆಲ್ಲ ತಿರುಗುವುದಿಲ್ಲ. ಹಡಗಿನ ಹೊಯ್ದಾಟಕ್ಕೆ ಕಿವಿಯ ಹಿಂದೆ ಅಂಟಿಸಿಕೊಳ್ಳುವ ಪಟ್ಟಿಯ ಮೇಲೂ ಅನುಮಾನ ಬಂತು. ಅಂಟಿಸಿದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ಆಮೇಲೆ ಮೀನು. ಸರಿಯಾಗಿ ತಣ್ಣಗಿಡದ ಟ್ಯೂನಾ ಥರದ ಮೀನಿನಲ್ಲಿ ಹಿಸ್ಟಮಿನ್ ಅನ್ನುವ, ಅಲರ್ಜಿಯಲ್ಲಿ ನಮ್ಮ ಮೈಯೇ ಸುರಿಸುವ ರಾಸಾಯನಿಕ ತಯಾರಾಗುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪಾಗಿ ಥೇಟ್ ಅಲರ್ಜಿಯ ಹಾಗೇ ಕಾಣುತ್ತದೆ. ಆದರೆ ಅದೇ ಮೀನನ್ನು ಎರಡು ಸಲ ಬಡಿಸಿಕೊಂಡ ಅಕ್ಕ ಡೆಕ್ ಮೇಲೆ ಡಾನ್ಸ್ ಮಾಡುತ್ತಿದ್ದಳು.

ಕೊನೆಗೆ ಭಾವನ ಉತ್ಸಾಹಕ್ಕೆ ಪೂರ್ತಿ ನೀರೆರಚಿದ ವಿಷಯ ಏನೆಂದರೆ, ಸೋಪು, ಅಂಟು, ಬಣ್ಣ ಇಂಥವು ತಾಗಿ ಬರುವ ಅಲರ್ಜಿ ಒಂದೆರಡು ದಿನ ತಡವಾಗಿಯೂ ಬರಬಹುದು. ಅಂದರೆ ಹಡಗಿನಲ್ಲಿ ತುರಿಸಿದ್ದಕ್ಕೆ ಕಾರಣ ಹಡಗು ಹತ್ತುವ ಮೊದಲೇ ಎಲ್ಲೋ ತಾಗಿರಬಹುದು. ತನಿಖೆಯ ವ್ಯಾಪ್ತಿ ಇಡೀ ಪ್ರಪಂಚಕ್ಕೆ ಹರಡಿತು. ಭಾವ ಕನ್ನಡಕ ತೆಗೆದಿಟ್ಟರು.

ಈ ಮಧ್ಯೆ ಲಿಫ್ಟಿನಲ್ಲಿ ಜನ ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿಯುವುದು ಶುರುವಾಯಿತು. ತಪ್ಪು ಅನ್ನುವ ಹಾಗಿಲ್ಲ. ಸಾವಿರಾರು ಜನ ಒಂದೇ ಕಡೆ ಉಣ್ಣುವ, ಒಂದೇ ಕಂಬಿ ಹಿಡಿದು ಇಳಿಯುವ ಜಾಗ ಅದು, ಒಬ್ಬರಿಗೆ ವಾಂತಿಭೇದಿ ಆದರೆ ಹಡಗಿಗೆಲ್ಲ ಹಬ್ಬುತ್ತದೆ, ಅದಕ್ಕೇ ಹೆಜ್ಜೆಗೊಂದು ಕಡೆ ಕೈ ತೊಳೆಯಲು ಹೇಳುತ್ತಾರೆ. ಗಂಧೆ ಅಂಟುವುದಿಲ್ಲ, ಅದನ್ನು ಅಂಗಿಯ ಮೇಲೆ ಬರೆಸಿಕೊಂಡು ಓಡಾಡಲು ಆಗುತ್ತದಾ? ಮೈಕಿನಲ್ಲಿ "ಯಾರಿಗಾದರೂ ಆರೋಗ್ಯ ಸರಿಯಿಲ್ಲದಿದ್ದರೆ ದಯವಿಟ್ಟು ತಿಳಿಸಿ" ಅಂದಾಗಲೆಲ್ಲ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೆಗಲ ಮೇಲೂ ಎದ್ದಿತ್ತು, ಅದು ಬೇರೆ ಮಾತು.

ಒಂದು ರಾತ್ರಿ ತುಟಿ ಸ್ವಲ್ಪ ದಪ್ಪಗಾದ ಹಾಗೆ ಅನಿಸಿತು. ಕನ್ನಡಿ ನೋಡಿದೆ, ನನ್ನ ತುಟಿ ಮೊದಲು ಹೇಗಿತ್ತು ಅನ್ನುವುದೇ ಮರೆತುಹೋಗಿತ್ತು. ಭಾವ ಕಳಿಸಿದ್ದ ಒಂದು ಲೇಖನ ಫೋನಿನಲ್ಲಿತ್ತು. 1901ರಲ್ಲಿ ಮೊನಾಕೋದ ರಾಜಕುಮಾರ ಒಂದನೇ ಆಲ್ಬರ್ಟ್‌ನ ಹಡಗಿನಲ್ಲಿ ಶಾರ್ಲ್ ರಿಶೆ, ಪಾಲ್ ಪೋರ್ಟಿಯೆ ಅನ್ನುವ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಕುಟುಕುವ ಸಮುದ್ರಜೀವಿಯ ವಿಷದ ಮೇಲೆ ಕೆಲಸ ಶುರು ಮಾಡಿದ್ದರು. ಊರಿಗೆ ವಾಪಸಾಗಿ ಪ್ರಯೋಗ ಮುಂದುವರಿಸಿದಾಗ ನೆಪ್ಚೂನ್ ಅನ್ನುವ ನಾಯಿಗೆ ಮೊದಲ ಸಲ ವಿಷ ಕೊಟ್ಟರೆ ತಡೆದುಕೊಂಡಿತು. ಕೆಲವು ವಾರ ಬಿಟ್ಟು ಮತ್ತೆ ಸ್ವಲ್ಪ ಕೊಟ್ಟರೆ ನೋಡನೋಡುತ್ತಲೇ ಸತ್ತಿತು. ಅನಾಫಿಲಾಕ್ಸಿಸ್ ಅಂದರೆ ಇದು, ಮೈಯೆಲ್ಲ ಒಮ್ಮೆಗೇ ತಿರುಗಿಬೀಳುವ ಅಲರ್ಜಿ. ಇದಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಸಿಕ್ಕಿತು. ನಾಯಿಗೆ ಏನೂ ಸಿಗಲಿಲ್ಲ. ನಡುರಾತ್ರಿ, ಒಬ್ಬನೇ, ಹಡಗಿನಲ್ಲಿ ಕೂತು ಓದುವ ವಿಷಯವಾ ಇದು? ಮೊದಲ ಸಲ ತಡೆದುಕೊಂಡಿತು ಅನ್ನುವ ಸಾಲನ್ನೇ ಓದುತ್ತಾ ದಿಂಬಿಗೆ ಒರಗಿ ಕೂತಿದ್ದೆ. ಗೋಡೆ ತಟ್ಟಿದರೆ ಅಕ್ಕ ಬರುತ್ತಿದ್ದಳು. ತಟ್ಟಲಿಲ್ಲ. ಅವಳು ಬರುವಷ್ಟರಲ್ಲಿ ತುಟಿ ಸರಿಯಾಗಿಬಿಟ್ಟರೆ?

ಬೆಳಿಗ್ಗೆ ಹಡಗಿನ ಆಸ್ಪತ್ರೆಗೆ ಹೋದೆ. ಕೆಳಗಿನ ಡೆಕ್ಕಿನಲ್ಲಿ, ಕಿಟಕಿ ಇಲ್ಲದ ಜಾಗ. ಹೊರಗೆ ಬೆಂಚಿನ ಮೇಲೆ ಕೂತು ತೋಳು ಮಡಚಿ ನೋಡುತ್ತೇನೆ, ಏನಿದೆ? ಏನೂ ಇಲ್ಲ. ರಾತ್ರಿಯೆಲ್ಲ ಕುಣಿದಿದ್ದು ಡಾಕ್ಟರ ಬಾಗಿಲ ಮುಂದೆ ಮಂಗಮಾಯ. ಇನ್ನೊಂದು ಸಲ ಆ ನೋಟ ಎದುರಿಸುವ ಶಕ್ತಿ ನನಗಿರಲಿಲ್ಲ ಕಣೋ. ಫಾರಂ ತುಂಬಲು ಪೆನ್ನು ಕೊಟ್ಟಿದ್ದರು. ಅದರ ಮುಚ್ಚಳ ತೆಗೆದು ತೋಳಿನ ಮೇಲೆ ಬಿಗಿಯಾಗಿ ಒಂದು ಗೆರೆ ಎಳೆದೆ. ಸ್ವಲ್ಪ ಹೊತ್ತಿಗೆ ಅದು ದಾರ ಇಟ್ಟ ಹಾಗೆ ಉಬ್ಬಿ ಬಂತು. ನನಗೆ ಖುಷಿಯಾಯಿತು. ಹೌದು, ಖುಷಿ.

ಡಾಕ್ಟರಮ್ಮ ಜ್ವರ ಇದೆಯಾ, ಉಸಿರು ಕಟ್ಟುತ್ತಾ, ಧ್ವನಿ ಬದಲಾಗಿದೆಯಾ, ತಲೆ ತಿರುಗುತ್ತಾ ಅಂತೆಲ್ಲ ಕೇಳಿದರು. ತೋಳು ನೋಡಿದರು. "ಗಂಧೆ ಸ್ಕೇಲ್ ಇಟ್ಟು ಎಳೆದ ಹಾಗೆ ತಾನಾಗೇ ಬರುವುದಿಲ್ಲ" ಅಂದರು. ನಾನು ಆರೋಪ ಸಾಬೀತಾದವನ ಹಾಗೆ ಕೂತೆ. ಅವರು ನಗಲಿಲ್ಲ. ನಾಲಿಗೆ ಅದುಮಿ ನೋಡುವ ಮರದ ಕಡ್ಡಿ ಇರುತ್ತದಲ್ಲ, ಅದನ್ನು ತೆಗೆದುಕೊಂಡು ಇನ್ನೊಂದು ತೋಳಿನ ಮೇಲೆ ತಾವೇ ಗೆರೆ ಎಳೆದರು. ಕಾದರು. ಅದೂ ಉಬ್ಬಿತು. ಕೆಲವರ ಚರ್ಮ ಹೀಗೆ, ಡರ್ಮಟೋಗ್ರಾಫಿಸಮ್ ಅನ್ನುತ್ತಾರೆ, ಇದೂ ಗಂಧೆಯ ಒಂದು ಜಾತಿಯೇ ಅಂದರು. ನಾನು ಸಾಕ್ಷಿ ಸೃಷ್ಟಿಸಲು ಮಾಡಿದ್ದನ್ನೇ ಡಾಕ್ಟರು ಪರೀಕ್ಷೆಗೆ ಮಾಡುತ್ತಾರೆ ಅಂತ ಯಾರಿಗೆ ಗೊತ್ತಿತ್ತು!

ಬೆಲ್ಟಿನ ಕೆಳಗೆ ಏಳುವುದಕ್ಕೆ ಇದು ಉತ್ತರ. ಬೆನ್ನಿಗೆ, ತೊಡೆಗೆ, ತುಟಿಗೆ ಉತ್ತರ ಅಲ್ಲ. ಚರ್ಮದಲ್ಲಿರುವ ಮಾಸ್ಟ್ ಅನ್ನುವ ಜೀವಕೋಶಗಳು ಹಿಸ್ಟಮಿನ್ ಸುರಿಯುತ್ತವೆ, ಸಣ್ಣ ರಕ್ತನಾಳಗಳಿಂದ ನೀರು ಜಿನುಗುತ್ತದೆ, ಚರ್ಮ ಉಬ್ಬುತ್ತದೆ. ಸಾಮಾನ್ಯವಾಗಿ ಒಂದು ಗಂಧೆ 24 ಗಂಟೆಯೊಳಗೆ ಗುರುತೂ ಉಳಿಸದೆ ಇಳಿದು ಇನ್ನೊಂದು ಕಡೆ ಏಳುತ್ತದೆ. ಅದರ ಸ್ವಭಾವವೇ ಅದು. ಯಾಕೆ ಬಂತು ಅಂದರೆ ಒಂದು ಸಣ್ಣ ವೈರಸ್ ಜ್ವರ ಇರಬಹುದು, ನೋವಿನ ಮಾತ್ರೆ ಇರಬಹುದು, ಬಿಸಿ, ಬೆವರು, ಏನೂ ಇರಬಹುದು. 6 ವಾರ ದಾಟಿದರೆ ದೀರ್ಘಕಾಲದ್ದು ಅನ್ನುತ್ತಾರೆ, ಅದರಲ್ಲೂ ಬಹಳ ಜನರಿಗೆ ಹೊರಗಿನ ಕಾರಣ ಅಂತ ಒಂದು ಸಿಗುವುದೇ ಇಲ್ಲ. ನಾಲಿಗೆ, ಗಂಟಲು ಊದಿದರೆ ಅಥವಾ ಉಸಿರಾಡಲು ಕಷ್ಟವಾದರೆ ನಡೆದು ಬರಬೇಡಿ, ಕೋಣೆಯಿಂದಲೇ ತುರ್ತು ನಂಬರಿಗೆ ಫೋನ್ ಮಾಡಿ, ಆಗ ಮೊದಲು ಬೇಕಾಗುವುದು ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು, ಮಾತ್ರೆಯಲ್ಲ ಅಂದರು. ಇದನ್ನು ಮಾತ್ರ ತಮಾಷೆ ಮಾಡದೆ ಬರೆಯುತ್ತಿದ್ದೇನೆ, ನೀನೂ ನೆನಪಿಟ್ಟುಕೋ. ಕೊನೆಗೆ ಏಳುವಾಗ, "ಮುಂದಿನ ಸಲ ಎದ್ದ ತಕ್ಷಣ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಸಾಕು" ಅಂದರು. ಫೋಟೋ! ಹಡಗಿನಲ್ಲಿ ಸೂರ್ಯಾಸ್ತಕ್ಕೇ ನೂರಾರು ಫೋಟೋ ತೆಗೆದಿದ್ದೆ.

ಇನ್ನೊಂದು ಕಥೆ ಹೇಳಲೇಬೇಕು. 1940ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗೇ, ಕಾರ್ಲಿನರ್ ಅನ್ನುವ ವೈದ್ಯರು ಗಂಧೆಗೆಂದು ಬಂದ ಒಬ್ಬ ಗರ್ಭಿಣಿಗೆ ಒಂದು ಹೊಸ ಅಲರ್ಜಿ ಮಾತ್ರೆ ಕೊಟ್ಟರು. ಆಕೆ ಬಂದು, ಈ ಮಾತ್ರೆ ತಗೊಂಡ ಮೇಲೆ ಟ್ರಾಮ್ ಹತ್ತಿದರೆ ಹೊಟ್ಟೆ ತೊಳಸುತ್ತಿಲ್ಲ ಅಂದಳು. ಅವರು "ಅದೆಲ್ಲ ನಿಮ್ಮ ಭ್ರಮೆ" ಅನ್ನಲಿಲ್ಲ. 1947ರ ನವೆಂಬರಿನಲ್ಲಿ ಸೈನಿಕರನ್ನು ಹೊತ್ತು ನ್ಯೂಯಾರ್ಕಿನಿಂದ ಜರ್ಮನಿಗೆ ಹೊರಟ ಹಡಗಿನಲ್ಲಿ ಕೆಲವರಿಗೆ ಆ ಮಾತ್ರೆ, ಕೆಲವರಿಗೆ ಸುಮ್ನೆ ಹುಸಿ ಮಾತ್ರೆ ಕೊಟ್ಟು ನೋಡಿಯೇಬಿಟ್ಟರು. ಆ ಮಾತ್ರೆ, ಅಂದರೆ ಡ್ರಾಮಮೈನ್, ಹಡಗಿನ ವಾಂತಿಗೆ ಮದ್ದಾಗಿದ್ದು ಹೀಗೆ. ಹೊಟ್ಟೆ ತೊಳಸುವುದು ಹೊರಗೆ ಕಾಣುತ್ತದಾ ಹೇಳು. ತೊಳಸದೇ ಇರುವುದಂತೂ ಇನ್ನೂ ಕಾಣುವುದಿಲ್ಲ. ಆಕೆ ಬರೀ ಬಾಯಲ್ಲಿ ಹೇಳಿದಳು, ಅವರು ಕೇಳಿಸಿಕೊಂಡರು. ನನಗೆ ಇದನ್ನು ಓದಿ ಯಾಕೋ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ನಾನು ಯಾವತ್ತೂ ಬರೀ ಬಾಯಲ್ಲಿ ಹೇಳಿದವನಲ್ಲ. ಕೆಲಸ ಹೋದಾಗ ನಡುರಾತ್ರಿ ನಿನಗೆ ಫೋನ್ ಮಾಡಿ ಅತ್ತೆನಲ್ಲ, ನೀನು ಹಾಗೇ ಚಪ್ಪಲಿಯಲ್ಲೇ ಬಸ್ಸು ಹತ್ತಿ ಬಂದೆಯಲ್ಲ. ಫೋನ್ ಎತ್ತಿಕೊಂಡಾಗ ನನಗೆ ಅಳು ಬಂದಿರಲಿಲ್ಲ ಕಣೋ. ಸಂಜೆಯಿಂದ ಒಳಗೆ ಏನೋ ಹಿಂಡುತ್ತಿತ್ತು, ಕಣ್ಣು ಮಾತ್ರ ಒಣಗಿತ್ತು. "ಬೇಜಾರಾಗಿದೆ" ಅಂದರೆ ನೀನು "ಮಲಗು, ಬೆಳಿಗ್ಗೆ ಮಾತಾಡೋಣ" ಅನ್ನುತ್ತೀಯ ಅಂತ ನಾನೇ ತೀರ್ಮಾನ ಮಾಡಿದೆ. ಅದಕ್ಕೆ ಧ್ವನಿಯನ್ನು ಸ್ವಲ್ಪ ನಡುಗಿಸಿದೆ. ಅಷ್ಟೇ ಮಾಡಿದ್ದು, ಒಂದು ಗೆರೆ. ಅದು ಉಬ್ಬಿ ಬಂತು, ಆಮೇಲೆ ನಿಲ್ಲಿಸಲು ನನ್ನಿಂದ ಆಗಲಿಲ್ಲ, ಬೆಳಗಿನ ಜಾವದವರೆಗೆ ನೀನು ನೋಡಿದೆಯಲ್ಲ. ಅದರಲ್ಲಿ ಎಳೆದಿದ್ದು ಎಷ್ಟು, ತಾನಾಗೇ ಎದ್ದಿದ್ದು ಎಷ್ಟು ಅಂತ ಈಗ ಕೇಳಿದರೆ ನನಗೇ ಲೆಕ್ಕ ಸಿಗುವುದಿಲ್ಲ. ಈ ಪತ್ರದ್ದೂ ಸಿಗುವುದಿಲ್ಲ, ನೋಡು, ಇಷ್ಟು ಜನರ ಮುಂದೆ ತೋಳು ಚಾಚಿಕೊಂಡು ಕೂತಿದ್ದೇನೆ. ಸುಮ್ನೆ ಹೇಳಿದ್ದರೂ ನೀನು ಬರುತ್ತಿದ್ದೆಯಾ? ಬರುತ್ತಿದ್ದೆ ಅನಿಸುತ್ತದೆ. ಕೇಳಲು ಧೈರ್ಯ ಆಗಿಲ್ಲ, ಇಷ್ಟು ವರ್ಷ.

ಥೂ, ಗಂಧೆ ಬಗ್ಗೆ ಬರೆಯಲು ಕೂತವನು ಎಲ್ಲಿಗೆ ಬಂದೆ. ಅಲರ್ಜಿ ಮಾತ್ರೆಯ ಮಂಪರು ಅಂತ ಹೇಳಿ ತಪ್ಪಿಸಿಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. ಮಂಪರು ಬರುವುದು ಹಳೇ ಥರದ ಮಾತ್ರೆಗೆ, ಅವರು ಕೊಟ್ಟಿದ್ದು ಅಷ್ಟಾಗಿ ನಿದ್ದೆ ಬರಿಸದ ಹೊಸ ಥರದ್ದು. ಪೂರ್ತಿ ಎಚ್ಚರದಲ್ಲೇ ಬರೆದಿದ್ದೇನೆ. ನೀನು ಇದಕ್ಕೆ ಉತ್ತರ ಬರೆಯಬೇಡ, ದಯವಿಟ್ಟು. ಒಂದು ಬಾಳೆಗೊನೆ ಇಮೋಜಿ ಹಾಕು, ನನಗೆ ಅರ್ಥವಾಗುತ್ತದೆ.

ಈಗ ಹೇಗಿದ್ದೇನೆ ಅಂದರೆ, ಕಮ್ಮಿಯಾಗಿದೆ, ನಿಂತಿಲ್ಲ. ವಾರಕ್ಕೊಮ್ಮೆ ಹಾಜರಿ ಹಾಕಿ ಹೋಗುತ್ತದೆ. ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆ ಮಾಡಿಸಲೇಬೇಕು ಅಂತ ಭಾವ ಹಟ ಹಿಡಿದಿದ್ದಾರೆ. ಅದಕ್ಕೆ ಕೆಲವು ದಿನ ಮೊದಲೇ ಮಾತ್ರೆ ನಿಲ್ಲಿಸಬೇಕು, ಇಂಥದ್ದೇ ಕಾರಣ ಅಂತ ಒಂದು ಸುಳಿವೂ ಇಲ್ಲದೆ ಮಾಡಿಸಿದರೆ ಪ್ರಯೋಜನ ಕಮ್ಮಿ ಅಂತ ಇಲ್ಲಿನ ಡಾಕ್ಟರೂ ಹೇಳಿದ್ದಾರೆ. ಭಾವ ಒಪ್ಪುವುದಿಲ್ಲ. ಅವರ ಪಟ್ಟಿ ಈಗ ಎಕ್ಸೆಲ್ಲಿಗೆ ಏರಿದೆ, ಬಣ್ಣ ಬೇರೆ ಹಚ್ಚಿದ್ದಾರೆ.

ಅದರಲ್ಲಿ ಕೆಂಪು ಬಣ್ಣದಲ್ಲಿ ಉಳಿದಿರುವುದು ಒಂದೇ ಒಂದು, ಹೊರಡುವ ಮುಂಚೆ ನೀನು ಕೊಟ್ಟೆಯಲ್ಲ ಆ ನೇರಳೆ ಟೀ ಶರ್ಟ್. ಒಗೆಯದೇ ಹಾಕಿಕೊಂಡಿದ್ದೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ನಿನ್ನ ನಂಬರ್ ಇಸಿದುಕೊಂಡಿದ್ದಾರೆ. ಯಾವ ಬಟ್ಟೆ, ಯಾವ ಬಣ್ಣ, ಎಲ್ಲಿ ಕೊಂಡಿದ್ದು, ಎಷ್ಟು ದಿನ ನಿನ್ನ ಕಪಾಟಿನಲ್ಲಿತ್ತು, ಎಲ್ಲ ಕೇಳುತ್ತಾರೆ. ಬಿಲ್ ಹುಡುಕಿಟ್ಟುಕೋ. ಅದು ನಿನಗೆ ಬೇರೆ ಯಾರೋ ಕೊಟ್ಟಿದ್ದು ಅಂತ ನನಗೆ ಮೊದಲೇ ಅನುಮಾನ ಇತ್ತು, ಈಗ ಅದೂ ಹೊರಗೆ ಬರುತ್ತದೆ.

ನಿನ್ನ,
ಉಪಾಧ್ಯಕ್ಷ (ಇನ್ನೂ ರಾಜೀನಾಮೆ ಕೊಟ್ಟಿಲ್ಲ)