ತುಕ್ಕು ಮುಚ್ಚಿ ಮಾರಿದ ಪಿಕಪ್ ಕ್ಯಾಬಿನ್ ವಾಪಸ್ ಪಡೆಯುವ ಬಗ್ಗೆ

ಗಂಗೊಳ್ಳಿ, ಉಡುಪಿ ಜಿಲ್ಲೆ
12 ಆಗಸ್ಟ್ 2024

ಇವರಿಗೆ,
ವ್ಯವಸ್ಥಾಪಕರು,
ಹಳೆ ವಾಹನಗಳ ಬಿಡಿಭಾಗ ಮಾರಾಟ ಮಳಿಗೆ,
ಬೆಂಗಳೂರು

ವಿಷಯ: ಜೂನ್ 14ರಂದು ಹಣ ಕಟ್ಟಿ ತರಿಸಿದ ಟಾಟಾ 207 ಕ್ಯಾಬಿನ್

ಮಾನ್ಯರೇ,

ನನ್ನದು 2006ರ ಟಾಟಾ 207 ಪಿಕಪ್. ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಕೊಂಡು ಬಾಳೆಬರೆ ಘಾಟಿ ಹತ್ತಿ ಹೊಸನಗರದ ಕಡೆ ಮಾರಿ ಬರುವುದು ನಮ್ಮ ಜೀವನ. ನಾನು ಮತ್ತು ನನ್ನ ತಮ್ಮ ಸರದಿಯ ಮೇಲೆ ಓಡಿಸುತ್ತೇವೆ, ಸಂಬಳಕ್ಕೆ ಡ್ರೈವರ್ ಇಟ್ಟುಕೊಂಡಿಲ್ಲ.

ಮೀನಿನ ಗಾಡಿಗೆ ತುಕ್ಕು ಹಿಡಿಯುವುದು ಹೊಸ ವಿಷಯವಲ್ಲ. ಐಸ್ ಕರಗಿದ ಉಪ್ಪುನೀರು ಕಾಲಿಗೆ ಅಂಟಿಕೊಂಡು ಕ್ಯಾಬಿನ್ ಒಳಗೆ ಬರುತ್ತದೆ, ರಬ್ಬರ್ ಮ್ಯಾಟಿನ ಅಡಿಗೆ ಇಳಿದರೆ ಒಣಗುವುದೇ ಇಲ್ಲ. ಹೋದ ಮಳೆಗಾಲದಲ್ಲಿ ಕ್ಲಚ್ ಪೆಡಲ್ ಪಕ್ಕದ ತೂತಿನಿಂದ ರಸ್ತೆ ಕಾಣುತ್ತಿತ್ತು. ಎರಡು ಸಲ ಶೀಟ್ ಕೊಟ್ಟು ವೆಲ್ಡಿಂಗ್ ಮಾಡಿಸಿದೆವು. ಮೂರನೆಯ ಸಲಕ್ಕೆ, ವೆಲ್ಡಿಂಗ್ ಹಿಡಿಯುವಷ್ಟು ಗಟ್ಟಿ ತಗಡೇ ಸುತ್ತ ಉಳಿದಿಲ್ಲ ಎಂದು ಮೇಸ್ತ್ರಿ ಕೈಚೆಲ್ಲಿದರು. ಎಂಜಿನ್ ಚೆನ್ನಾಗಿದೆ, ಚಾಸಿ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟು, ಗಟ್ಟಿಯಿದೆ. ಈ ಗಾಡಿಯಲ್ಲಿ ಕ್ಯಾಬಿನ್ ಬೇರೆ, ಚಾಸಿ ಬೇರೆ. ನಡುವೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಹಾಗಾಗಿ ಇಡೀ ಕ್ಯಾಬಿನ್ನನ್ನೇ ಬದಲಿಸುವುದೆಂದು ತೀರ್ಮಾನಿಸಿದೆವು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಗಾಡಿ ಸುಮ್ಮನೆ ನಿಲ್ಲುವ ಕಾಲ ಅದೊಂದೇ. ನಿಮಗೆ ಮೊದಲ ಫೋನಿನಲ್ಲೇ ಇದನ್ನು ಹೇಳಿದ್ದೆ. ಒಂದು ವಾರದಲ್ಲಿ ಕಳಿಸುತ್ತೇವೆ ಎಂದಿರಿ. ಬಂದದ್ದು ಜುಲೈ 9ಕ್ಕೆ. ಆ ತಡವನ್ನು ನಾನು ದೊಡ್ಡದು ಮಾಡುತ್ತಿಲ್ಲ, ಮಳೆಗಾಲದಲ್ಲಿ ಘಾಟಿ ಇಳಿಯುವ ಲಾರಿಗಳ ಕಷ್ಟ ನಮಗೂ ಗೊತ್ತು.

ನನ್ನ ದೂರು ಬೇರೆ. ಹಣ ಕಟ್ಟುವ ಮೊದಲು ನಾನು ಕೇಳಿದ್ದು ಒಂದೇ ಮಾತು: ಕ್ಯಾಬಿನ್ನಿನ ಅಡಿಭಾಗ ಹೇಗಿದೆ? ಹೊರಗಿನ ಪೇಂಟ್ ನನಗೆ ಮುಖ್ಯವಲ್ಲ, ಬುಷ್ ಕೂರುವ ಜಾಗ, ಫ್ಲೋರ್, ಗಾಜಿನ ಫ್ರೇಮಿನ ಕೆಳಮೂಲೆ, ಇವುಗಳ ಫೋಟೋ ಕಳಿಸಿ ಎಂದೆ. ನೀವು ನಾಲ್ಕು ಫೋಟೋ ಕಳಿಸಿದಿರಿ. ಬಿಳಿ ಪೇಂಟ್ ಇನ್ನೂ ಹಾಗೇ ಇದ್ದ, ಎಲ್ಲೂ ತುಕ್ಕು ತಿನ್ನದ ಅಡಿಭಾಗ. ‘ಘಟ್ಟದ ಮೇಲಿನ ಗಾಡಿದು, ತುಕ್ಕು ಇಲ್ಲ’ ಎಂದು ನಿಮ್ಮವರು ವಾಟ್ಸಾಪಿನಲ್ಲಿ ಬರೆದದ್ದು ಈಗಲೂ ನನ್ನ ಫೋನಿನಲ್ಲಿದೆ. ಅದನ್ನು ನಂಬಿ 48,000 ರೂಪಾಯಿ ಕಳಿಸಿದೆ, ಲಾರಿ ಬಾಡಿಗೆ 7,500 ಬೇರೆ ಕೊಟ್ಟೆ.

ಗಾಡಿಯ ಕೆಲಸ ಮನೆಯಂಗಳದಲ್ಲೇ ಮಾಡಿದೆವು. ಮೇಲೆ ಟಾರ್ಪಾಲು, ಹಲಸಿನ ಮರದ ಕೊಂಬೆಗೆ ಚೈನ್ ಬ್ಲಾಕ್. ಬ್ಯಾಟರಿ ಕಳಚಿ, ಬಾನೆಟ್ಟು, ಮಡ್‌ಗಾರ್ಡ್ ಬಿಚ್ಚಿ, ಸ್ಟೀರಿಂಗ್ ಜಾಯಿಂಟ್, ಬ್ರೇಕ್ ಪೈಪು, ಕ್ಲಚ್, ಆಕ್ಸಿಲರೇಟರ್ ಕೇಬಲ್ಲು, ಸ್ಪೀಡೋಮೀಟರ್ ಕೇಬಲ್ಲು ಒಂದೊಂದೇ ಬಿಡಿಸಿದೆವು. ವೈರಿಂಗಿನ ಪ್ರತಿ ತುದಿಗೂ ನನ್ನ ಮಗಳು ಬಟ್ಟೆ ಟೇಪು ಸುತ್ತಿ ನಂಬರ್ ಬರೆದಳು. ಕ್ಯಾಬಿನ್ ಬೋಲ್ಟುಗಳಿಗೆ ಎರಡು ರಾತ್ರಿ ಸೀಮೆಎಣ್ಣೆ ಹಾಕಿಟ್ಟರೂ ಎರಡು ಜಗ್ಗಲಿಲ್ಲ, ಗ್ರೈಂಡರ್‌ನಲ್ಲಿ ಕೊಯ್ಯಬೇಕಾಯಿತು. ಹಳೆಯದನ್ನು ಎತ್ತಿದ ಮೇಲೆ ಚಾಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಎರಡು ಕೋಟು ರೆಡ್ ಆಕ್ಸೈಡ್ ಬಳಿದೆವು. ಹೊಸ ಬುಷ್ ತಂದೆವು. ನಿಮ್ಮ ಕ್ಯಾಬಿನ್ ಬಂದ ದಿನ, ಅಂಗಳದಲ್ಲಿ ಎರಡಕ್ಕೂ ಜಾಗವಿಲ್ಲವೆಂದು ಹಳೆಯದನ್ನು ಗುಜರಿಗೆ ಕೊಟ್ಟೆವು. ಅವರು ಅಲ್ಲೇ ಗ್ಯಾಸ್ ಕಟರ್‌ನಲ್ಲಿ ತುಂಡು ಮಾಡಿ ಒಯ್ದರು.

ಬಂದ ಕ್ಯಾಬಿನ್ನಿನ ಅಡಿಗೆಲ್ಲ ದಪ್ಪ ಕರಿ ಕೋಟಿಂಗ್ ಬಳಿದಿತ್ತು. ಫೋಟೋದಲ್ಲಿ ಅದು ಇರಲಿಲ್ಲ. ಆಗಲೇ ಅನುಮಾನ ಪಡಬೇಕಿತ್ತು. ಲಾರಿಯವರು ಮಳೆಯಲ್ಲಿ ಕಾಯುತ್ತಿದ್ದರು, ನಮಗೂ ಅವಸರ. ಸಾಗಣೆಗೆಂದು ಬಳಿದಿರಬಹುದು ಎಂದುಕೊಂಡೆವು.

ಜುಲೈ 12ರಂದು ಎಂಟು ಜನ ಸೇರಿ ಕ್ಯಾಬಿನ್ ಕೂರಿಸಿದೆವು. ಮುಂದಿನ ಬೋಲ್ಟುಗಳು ಬಿಗಿಯಾದವು. ಹಿಂದಿನ ಎಡಗಡೆಯದನ್ನು ತಿರುಗಿಸುತ್ತಿದ್ದಾಗ ಬಿಗಿಯುವ ಬದಲು ವಾಷರ್ ಸಮೇತ ತಗಡಿನೊಳಗೆ ಇಳಿಯತೊಡಗಿತು. ಮೇಸ್ತ್ರಿ ಕೈ ನಿಲ್ಲಿಸಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರು. ತಗಡಿನ ಸದ್ದು ಬರಲಿಲ್ಲ. ಹಳೆ ಸ್ಪೀಕರಿನ ಅಯಸ್ಕಾಂತ ತಂದು ಹಿಡಿದರೆ ಬುಷ್ಷಿನ ಸುತ್ತ ಒಂದು ಗೇಣು ಜಾಗದಲ್ಲಿ ಎಲ್ಲೂ ಅಂಟಲಿಲ್ಲ. ಕರಿ ಕೋಟಿಂಗ್ ಕೆರೆದಾಗ ಪುಟ್ಟಿ, ಅದರಡಿ ಫೈಬರ್ ಬಟ್ಟೆ, ಅದರಡಿ ಬೆರಳಲ್ಲಿ ಪುಡಿಯಾಗುವ ತುಕ್ಕು. ಸೀಟಿನ ಬೋಲ್ಟ್ ಕೂರುವ ಜಾಗದಲ್ಲೂ ಇದೇ. ಗಾಜಿನ ಬೀಡಿಂಗ್ ಎತ್ತಿದರೆ ಬಿಳಿ ಪೇಂಟಿನ ಕೆಳಗೆ ನೀಲಿ ಪೇಂಟ್. ಅಲ್ಲಿಗೆ, ನೀವು ಫೋಟೋ ಕಳಿಸಿದ್ದು ಒಂದು ಕ್ಯಾಬಿನ್ನಿನದು, ಲಾರಿಗೆ ಹಾಕಿದ್ದು ಇನ್ನೊಂದನ್ನು.

ತುಕ್ಕು ಹಿಡಿದಿದೆ ಎಂಬುದೊಂದೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ‘ಹಿಂದಿನ ಬುಷ್ ಜಾಗ ಹೋಗಿದೆ, ಕೊಯ್ದು ಶೀಟ್ ಹಾಕಿಕೊಳ್ಳಿ’ ಎಂದು ಹೇಳಿ ಕಡಿಮೆ ಬೆಲೆಗೆ ಕೊಟ್ಟಿದ್ದರೆ ಸಂತೋಷದಿಂದ ತೆಗೆದುಕೊಳ್ಳುತ್ತಿದ್ದೆ. ಕಣ್ಣಿಗೆ ಕಾಣುವ ತುಕ್ಕಿಗೆ ಔಷಧ ಇದೆ. ಪುಟ್ಟಿ ನೀರು ಹೀರುತ್ತದೆ, ಅದರಡಿಯಲ್ಲಿ ತುಕ್ಕು ತಗಡನ್ನು ತಿನ್ನುತ್ತಲೇ ಹೋಗುತ್ತದೆ, ಮೇಲೆ ನೋಡುವವರಿಗೆ ಗೊತ್ತಾಗುವುದಿಲ್ಲ. ಆ ಬೋಲ್ಟ್ ನಮ್ಮ ಅಂಗಳದಲ್ಲಿ ಇಳಿಯದೆ ಹೇಗೋ ನಿಂತುಬಿಟ್ಟಿದ್ದರೆ ಮೀನು ತುಂಬಿದ ಗಾಡಿ ಬಾಳೆಬರೆಯ ತಿರುವಿನಲ್ಲಿ ಇರುವಾಗ ಸೀಟು ಕಿತ್ತು ಬರುತ್ತಿತ್ತು. ಅಲ್ಲಿ ಕೂರುವವನು ನನ್ನ ತಮ್ಮ. ಪುಟ್ಟಿ ಬಳಿದವರಿಗೆ ಅದು ಯಾವ ಜಾಗ, ಅದರ ಮೇಲೆ ಯಾರು ಕೂರುತ್ತಾರೆ ಎಂಬುದು ತಿಳಿಯದೆ ಇರಲು ಸಾಧ್ಯವಿಲ್ಲ. ಒಂದು ತಿಂಗಳಾದರೂ ನನ್ನ ಸಿಟ್ಟು ಇಳಿಯದಿರುವುದು ಈ ಕಾರಣಕ್ಕೆ.

ಜುಲೈ 12ರ ರಾತ್ರಿಯೇ ಫೋಟೋ, ವಿಡಿಯೋ ಕಳಿಸಿದೆ. ಆಮೇಲೆ ಮೂರು ಸಲ ಫೋನ್ ಮಾಡಿದೆ. ಸಿಕ್ಕ ಉತ್ತರ: ಹಳೆ ಮಾಲು, ಗ್ಯಾರಂಟಿ ಇಲ್ಲ, ಮಾರಿದ ಮೇಲೆ ವಾಪಸ್ ಇಲ್ಲವೆಂದು ಬಿಲ್ಲಿನಲ್ಲೇ ಅಚ್ಚಾಗಿದೆ. ಹಳೆ ಮಾಲೆಂದು ಒಪ್ಪಿಯೇ ಕೊಂಡೆ. ಆದರೆ ಇಲ್ಲದ ಗುಣಮಟ್ಟ ಇದೆಯೆಂದು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ, ಮಾಲು ಹಳೆಯದಾದರೂ. ‘ಬಾಡಿಗೆ ಗಾಡಿ, ನೀವು ಗ್ರಾಹಕರಲ್ಲ’ ಎಂದೂ ನಿಮ್ಮವರು ಒಮ್ಮೆ ಹೇಳಿದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶವೆಂದು ಎಣಿಸುವುದಿಲ್ಲ. ನಾನು ಬೆಂಗಳೂರಿಗೆ ಅಲೆಯಬೇಕಾಗಿಯೂ ಇಲ್ಲ, ನಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಆಗಸ್ಟ್ 1ಕ್ಕೆ ದೋಣಿಗಳು ಕಡಲಿಗೆ ಇಳಿದವು. ನಮ್ಮ ಗಾಡಿ ಅಂಗಳದಲ್ಲಿದೆ. ದಿನಕ್ಕೆ 2,200 ರೂಪಾಯಿ ಬಾಡಿಗೆಗೆ ಬೇರೆಯವರ ಪಿಕಪ್ ಹಿಡಿದಿದ್ದೇವೆ. ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ವರ್ಷ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಆಗಬೇಕು, ನಮ್ಮದು ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ. ಈ ಕ್ಯಾಬಿನ್ ಇಟ್ಟುಕೊಂಡು ಆರ್‌ಟಿಒ ಕಚೇರಿಗೆ ಹೋಗಲು ನನಗೆ ಮನಸ್ಸಿಲ್ಲ, ಅಲ್ಲಿ ಪಾಸಾದರೂ ತಮ್ಮನನ್ನು ಅದರಲ್ಲಿ ಕೂರಿಸುವುದಿಲ್ಲ.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ಕ್ಯಾಬಿನ್ನನ್ನು ನಿಮ್ಮ ಖರ್ಚಿನಲ್ಲಿ ಒಯ್ದು, ನಾನು ಕೊಟ್ಟ 48,000 ಮತ್ತು ಲಾರಿಯ 7,500, ಒಟ್ಟು 55,500 ರೂಪಾಯಿ ಹಿಂತಿರುಗಿಸಬೇಕು. ಆಗಸ್ಟ್ 1ರಿಂದ ನಾವು ಕೊಡುತ್ತಿರುವ ಗಾಡಿ ಬಾಡಿಗೆಯನ್ನೂ ಭರಿಸಬೇಕು, ರಸೀದಿಗಳಿವೆ. ಫೋಟೋದಲ್ಲಿದ್ದ ಕ್ಯಾಬಿನ್ ಇನ್ನೂ ನಿಮ್ಮಲ್ಲಿದ್ದರೆ ಹಣದ ಬದಲು ಅದನ್ನೇ ತೆಗೆದುಕೊಳ್ಳಲು ಸಿದ್ಧ, ಆದರೆ ನಮ್ಮ ಮೇಸ್ತ್ರಿ ಬೆಂಗಳೂರಿಗೆ ಬಂದು ಅಯಸ್ಕಾಂತ ಹಿಡಿದು ನೋಡಿದ ಮೇಲೆ ಮಾತ್ರ ಲೋಡ್ ಆಗಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲಿನ ನಕಲು, ನೀವು ಕಳಿಸಿದ ನಾಲ್ಕು ಫೋಟೋ, ನಾವು ಕೆರೆದ ಮೇಲೆ ತೆಗೆದ ಹನ್ನೊಂದು ಫೋಟೋ ಲಗತ್ತಿಸಿದ್ದೇನೆ. ಕೆರೆದ ಜಾಗಗಳನ್ನು ಹಾಗೇ ಬಿಟ್ಟಿದ್ದೇವೆ, ಮಳೆ ಬೀಳದಂತೆ ಟಾರ್ಪಾಲು ಹೊದಿಸಿದೆ, ನಿಮ್ಮ ಕಡೆಯವರು ಯಾವಾಗ ಬಂದರೂ ನೋಡಬಹುದು. ಒಯ್ಯಲು ಲಾರಿ ಕಳಿಸುವುದಾದರೆ ಹಿಂದಿನ ದಿನ ಫೋನ್ ಮಾಡಿ. ಕ್ಯಾಬಿನ್ ಇಳಿಸಲು ಎಂಟು ಜನರನ್ನು ಹೊಂದಿಸಬೇಕು.

ಇಂತಿ,
ನಿಮ್ಮ ಗ್ರಾಹಕ