ಶಾಲೆಯ ನಲ್ಲಿಯ ಹತ್ತಿರವೂ ಯೋಗ ನಡೆಯಲಿ

ಮಾನ್ಯ ಸಂಪಾದಕರೇ,

ಜೂನ್ 21ರ ಯೋಗ ದಿನದ ಫೋಟೊಗಳನ್ನು ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಮಕ್ಕಳು ಸಾಲಾಗಿ ನಿಂತು ಆಸನ ಮಾಡುವುದು ಸಂತೋಷದ ವಿಷಯವೇ. ಆದರೆ ಪತಂಜಲಿಯ ಯೋಗಸೂತ್ರದಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ. ಅದಕ್ಕೂ ಮೊದಲು ಯಮ, ನಿಯಮಗಳು, ಅಂದರೆ ನಡೆ ನುಡಿಯ ಕಟ್ಟುಪಾಡುಗಳು ಬರುತ್ತವೆ. ಐದು ನಿಯಮಗಳಲ್ಲಿ ಮೊದಲನೆಯದು ಶೌಚ, ಅಂದರೆ ಶುಚಿ. ಯೋಗ ದಿನದ ಭಾಷಣಗಳಲ್ಲಿ ಅದರ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಆ ಅನುಭವದಿಂದ ಈ ಪತ್ರ ಬರೆಯುತ್ತಿದ್ದೇನೆ.

ಕೈ ತೊಳೆಯಬೇಕು ಅನ್ನುವುದು ಗೊತ್ತಿಲ್ಲದ ನರ್ಸ್ ಇಲ್ಲ, ಡಾಕ್ಟರೂ ಇಲ್ಲ. 1847ರಲ್ಲೇ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಅನ್ನುವ ವೈದ್ಯರು ತಮ್ಮ ವಿದ್ಯಾರ್ಥಿಗಳಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು. ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದ ಬಾಣಂತಿಯರ ಸಾವು ಮರುವರ್ಷ ಒಂದೆರಡಕ್ಕೆ ಇಳಿಯಿತು. ಅಷ್ಟು ಹಳೆಯ ತಿಳಿವಳಿಕೆ ಇದು. ಆದರೂ ಇವತ್ತಿಗೂ ವಾರ್ಡಿನ ಗೋಡೆಗೆ ಅದನ್ನೇ ಬರೆದು ಅಂಟಿಸಬೇಕು.

ಕೈ ಶುಚಿಗೆ ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭಗಳನ್ನು ಹೇಳಿದೆ. ರೋಗಿಯನ್ನು ಮುಟ್ಟುವ ಮೊದಲು, ಇಂಜೆಕ್ಷನ್, ಡ್ರೆಸ್ಸಿಂಗ್‌ನಂಥ ಕೆಲಸಕ್ಕೆ ಮೊದಲು, ರಕ್ತ ಕೀವು ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ, ಹಾಸಿಗೆ ಮುಟ್ಟಿದ ಮೇಲೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ವಾರ್ಡಿಗೆ ಬಂದರೆ ಬೇರೆಯೇ ಚಿತ್ರ. ಡ್ರೆಸ್ಸಿಂಗ್ ಮುಗಿಸಿ ಎಲ್ಲರೂ ತೊಳೆಯುತ್ತಾರೆ, ತಮ್ಮ ಕೈ ಗಲೀಜಾಯಿತಲ್ಲ. ಆದರೆ ಮುಂದಿನ ಮಂಚದ ಅಜ್ಜಿಯ ನಾಡಿ ಹಿಡಿಯುವ ಮೊದಲು ಎಷ್ಟು ಜನ ತೊಳೆಯುತ್ತಾರೆ? ತನ್ನನ್ನು ಕಾಪಾಡುವ ಅಭ್ಯಾಸ ತಾನಾಗಿ ಬರುತ್ತದೆ. ಇನ್ನೊಬ್ಬರನ್ನು ಕಾಪಾಡುವ ಅಭ್ಯಾಸವನ್ನು ಬೆಳೆಸಬೇಕು.

ಹೇಗೆ ಬೆಳೆಸುವುದು ಅನ್ನುವುದಕ್ಕೆ ಯೋಗಸೂತ್ರದ ಮೊದಲ ಪಾದದ (ಅಧ್ಯಾಯದ) 14ನೇ ಸೂತ್ರದಷ್ಟು ಸ್ಪಷ್ಟವಾದ ಮಾತನ್ನು ನಾನು ಯಾವ ತರಬೇತಿಯಲ್ಲೂ ಕೇಳಲಿಲ್ಲ. ಬಹುಕಾಲ, ಬಿಡದೆ, ಆದರದಿಂದ ಮಾಡಿದರೆ ಅಭ್ಯಾಸ ಗಟ್ಟಿಯಾಗಿ ನೆಲೆ ನಿಲ್ಲುತ್ತದೆ ಎನ್ನುತ್ತದೆ ಅದು. ಮನಸ್ಸಿನಲ್ಲಿ ಏಳುವ ಪ್ರತಿ ವೃತ್ತಿಯೂ, ಅಂದರೆ ಮನಸ್ಸಿನ ಪ್ರತಿ ಚಲನೆಯೂ, ಒಂದು ಗುರುತು ಬಿಡುತ್ತದೆ, ಆ ಗುರುತೇ ಮತ್ತೆ ಅಂಥದೇ ವೃತ್ತಿಯನ್ನು ಎಬ್ಬಿಸುತ್ತದೆ, ಈ ಚಕ್ರ ಹಗಲಿರುಳು ತಿರುಗುತ್ತಿರುತ್ತದೆ ಎಂದು ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಹೇಳುತ್ತದೆ. ತೊಳೆಯದೆ ಮುಂದಿನ ಮಂಚಕ್ಕೆ ಹೋದರೂ ಗುರುತು ಬೀಳುತ್ತದೆ, ಅಲ್ವಾ? ಸುಮ್ನೆ ಬಿಟ್ಟರೆ ಅದೂ ಅಭ್ಯಾಸವೇ ಆಗುತ್ತದೆ.

ನಮ್ಮ ವಾರ್ಡಿನಲ್ಲಿ ನಾನು ಭಾಷಣ ಕಡಿಮೆ ಮಾಡಿದೆ. ಕೈಗೆ ಉಜ್ಜಿಕೊಳ್ಳುವ ಸ್ಯಾನಿಟೈಸರ್, ಅಂದರೆ ಹ್ಯಾಂಡ್‌ರಬ್ ಬಾಟಲಿಯನ್ನು ನರ್ಸ್ ಟೇಬಲ್ಲಿನಿಂದ ತೆಗೆದು ಮಂಚದ ಕಾಲ್ಬದಿಗೆ ತೂಗುಹಾಕಿಸಿದೆ. ಹೊಸಬರಿಗೆ ಐದನ್ನೂ ಒಟ್ಟಿಗೆ ಹೇರಲಿಲ್ಲ. ‘ಮುಟ್ಟುವ ಮೊದಲು’ ಅನ್ನುವ ಒಂದನ್ನೇ ಹಿಡಿಸಿದೆ. ಬಾಟಲಿ ಕಂಡರೆ ಕೈ ಅಲ್ಲಿಗೆ ಹೋಗಬೇಕು, ಆಮೇಲೆ ರೋಗಿಯ ಹತ್ತಿರ. ಯಾರಾದರೂ ಮರೆತರೆ ಬೈಯುವ ಬದಲು ಪಕ್ಕದಲ್ಲಿ ನಿಂತು ನಾನೇ ಕೈ ಉಜ್ಜಿಕೊಳ್ಳುತ್ತಿದ್ದೆ. ತಿಂಗಳುಗಳು ಹಿಡಿಯಿತು. ಆಮೇಲೆ ನಡುರಾತ್ರಿ ಉಸಿರಾಟದ ತೊಂದರೆಯ ಕೇಸ್ ಬಂದು ಎಲ್ಲರೂ ಓಡಾಡುವಾಗಲೂ ಆ ಹುಡುಗಿಯರ ಕೈ ತಾನೇ ಬಾಟಲಿಗೆ ಹೋಗುತ್ತಿತ್ತು. ಅವರು ಅದನ್ನು ಯೋಚಿಸಿ ಮಾಡುತ್ತಿರಲಿಲ್ಲ. ನಾನು ಕಂಡ ಯೋಗ ಅದು.

ಕೊರೊನಾ ಕಾಲವನ್ನು ನೆನೆಸಿಕೊಳ್ಳಿ. 2020ರಲ್ಲಿ ಅಂಗಡಿ, ಬ್ಯಾಂಕು, ದೇವಸ್ಥಾನ, ಎಲ್ಲ ಕಡೆ ಸ್ಯಾನಿಟೈಸರ್. ಇಡೀ ದೇಶ ಕೈ ತೊಳೆಯಿತು. ಈಗ ಆ ಸ್ಟ್ಯಾಂಡುಗಳು ಖಾಲಿ ನಿಂತಿವೆ. ಭಯದಿಂದ ಮಾಡಿದ್ದು ಭಯ ಹೋದ ಕೂಡಲೇ ಹೋಯಿತು. ಸೂತ್ರ ಆದರವನ್ನೂ ಸೇರಿಸಿ ಹೇಳಿದ್ದು ಯಾಕೆ ಅಂತ ನನಗೆ ಆಗ ಚೆನ್ನಾಗಿ ಅರ್ಥವಾಯಿತು.

ಆದ್ದರಿಂದ ಶಾಲೆಗಳಿಗೆ ನನ್ನದೊಂದು ಕೋರಿಕೆ. ‘ಊಟಕ್ಕೆ ಮೊದಲು ಏನು ಮಾಡಬೇಕು?’ ಅಂದರೆ ಎಲ್ಲ ಮಕ್ಕಳೂ ಸರಿ ಉತ್ತರ ಬರೆಯುತ್ತಾರೆ. ಬಿಸಿಯೂಟದ ಗಂಟೆ ಹೊಡೆದಾಗ ಮಾತ್ರ ತಟ್ಟೆ ಹಿಡಿದು ನೇರ ಸಾಲಿಗೆ ಓಡುತ್ತಾರೆ. ನಲ್ಲಿಯ ಹತ್ತಿರ ಸೋಪು ಇಡಿ. ಮೇಷ್ಟ್ರು, ಮೇಡಂ ಮೊದಲು ತೊಳೆಯಲಿ, ಮಕ್ಕಳು ನೋಡಲಿ. ಸೋಪು ಹಾಕಿ ಸರಿಯಾಗಿ ತೊಳೆಯಲು ಒಂದು ನಿಮಿಷ ಸಾಕು. ಪರೀಕ್ಷೆ ಇರಲಿ, ಮಳೆ ಇರಲಿ, ಶಾಲೆ ಇದ್ದ ದಿನವೆಲ್ಲ ಇದು ನಡೆಯಲಿ.

ನಿಮ್ಮಲ್ಲೂ ಒಂದು ಕೋರಿಕೆ. ಯೋಗ ದಿನದ ಫೋಟೊ ತೆಗೆದ ಶಾಲೆಗಳಿಗೇ ಒಂದೆರಡು ತಿಂಗಳು ಬಿಟ್ಟು ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮ ವರದಿಗಾರರನ್ನು ಕಳಿಸಿ. ನಲ್ಲಿಯ ಹತ್ತಿರ ಕಂಡದ್ದನ್ನು ಬರೆಯಲಿ.

ಇಂತಿ,
ಒಬ್ಬ ನಿವೃತ್ತ ನರ್ಸ್, ಹಾಸನ