ಎಲೆ ನೋಡೋಕೆ ಒಂದು ಮರ

ಒಟ್ಟಾವಾ ಹತ್ತಿರದ ಹಳ್ಳಿಯಿಂದ
ಅಕ್ಟೋಬರ್ 12

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಮೂಡಿಗೆರೆಯಲ್ಲಿ ಮಳೆ ಬಿಟ್ಟಿತಾ?

ಮೊನ್ನೆ ಫೋನಿನಲ್ಲಿ ನಾನು ಮೇಪಲ್ ಅನ್ನೋ, ಚಳಿಗಾಲಕ್ಕೆ ಮೊದಲು ಎಲೆ ಕೆಂಪಾಗೋ ಮರ ನೆಟ್ಟಿದ್ದೀನಿ ಅಂದಾಗ ನೀವು ಕೇಳಿದಿರಿ: "ಹಣ್ಣಿಲ್ಲ, ಮೆಣಸಿನ ಬಳ್ಳಿ ಹಬ್ಬಿಸೋಕಿಲ್ಲ. ಬರೀ ಎಲೆ ನೋಡೋಕೆ ಯಾರಾದ್ರೂ ಮರ ನೆಡ್ತಾರಾ?" ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಇಲ್ಲಿ ಹಿಮ ಬಿತ್ತೆಂದರೆ ತಿಂಗಳುಗಟ್ಟಲೆ ಬೇಲಿ, ದಾರಿ, ಹೊಲ ಎಲ್ಲಾ ಬಿಳಿ. ಅದಕ್ಕೆ ಮೊದಲು ಎರಡು ಮೂರು ವಾರ ಕಾಡು ಕೆಂಪಾಗುತ್ತದೆ. ಆ ಕೆಂಪು ನಮ್ಮ ಅಡುಗೆಮನೆ ಕಿಟಕಿಯಿಂದಲೂ ಕಾಣಲಿ ಅಂತ ನನಗೆ ಆಸೆ.

ಮೊದಲ ಮೇಪಲ್ ಗಿಡವನ್ನು ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ತಂದೆ. ನರ್ಸರಿಯವರು ಕೆಂಪಾಗುತ್ತದೆ ಅಂದಿದ್ದರು. ಮಂಕು ಹಳದಿಯಾಗಿ ಉದುರಿತು. ತುಂಬಾ ಬೇಜಾರಾಯಿತು. ಬೀಜದ ಮಾವು ತಾಯಿಮರದ ಹಾಗೇ ಹಣ್ಣು ಬಿಡಲ್ಲ ಅಲ್ವಾ? ಬೀಜದಿಂದ ಬಂದ ಈ ಗಿಡವೂ ಹಾಗೇ. ಅದಕ್ಕೇ ಕಳೆದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ, ಎಲೆ ಬಣ್ಣ ತಿರುಗಿದ್ದನ್ನು ಕಣ್ಣಾರೆ ನೋಡಿ 'ಆಟಮ್ ಬ್ಲೇಜ್' ತಳಿ ತಂದೆ.

ಕುಂಡದಿಂದ ತೆಗೆದರೆ ಬೇರು ಸಿಂಬಿ ಸುತ್ತಿದ ಹಾಗೆ ಸುತ್ತಿಕೊಂಡಿತ್ತು. ಹಾಗೇ ನೆಟ್ಟರೆ ಮುಂದೆ ಬೇರೇ ಬುಡವನ್ನು ಬಿಗಿಯುತ್ತದೆ. ಚಾಕುವಿನಿಂದ ಸೀಳಿ, ಒಂದೊಂದಾಗಿ ಬಿಡಿಸಿ ಹರಡಿದೆ. ಗುಂಡಿ ಅಗಲ ಮಾಡಿದೆ, ಆಳ ಮಾಡಲಿಲ್ಲ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಮಣ್ಣಿನ ಮೇಲೇ ಇರಬೇಕು. ಹೂತರೆ ತೊಗಟೆ ಕೊಳೆಯುತ್ತದೆ. ತರಗು ಹೊದಿಸುವಾಗಲೂ ಬುಡಕ್ಕೆ ತಾಗಿಸಲಿಲ್ಲ.

ಇವತ್ತು ಬೆಳಗ್ಗೆ ನೋಡಿದೆ ಅಪ್ಪ. ಒಂದು ಎಲೆಯಲ್ಲಿ ನರದ ಪಕ್ಕ ಇನ್ನೂ ಹಸಿರು ಗೆರೆ, ಅಂಚಿಗೆಲ್ಲಾ ಕುಂಕುಮ. ಕೈ ತೊಳೆಯುವುದು ಬಿಟ್ಟು ಹಾಗೇ ನಿಂತುಬಿಟ್ಟೆ.

ನಮ್ಮ ತೋಟಕ್ಕೂ ಒಂದು ಗಿಡ ಕಳಿಸು ಅಂದಿರಿ. ಸುಮ್ನೆ ಕಳಿಸೋಕಾಗಲ್ಲ, ಗಿಡ ಬೀಜ ತರಲು ಪರವಾನಗಿ ಬೇಕು. ತಂದರೂ ಅಲ್ಲಿ ಈ ಬಣ್ಣ ಬರಲ್ಲ. ಹಗಲು ಚಿಕ್ಕದಾಗುತ್ತಾ ಬಂದಾಗ ಎಲೆಯ ಹಸಿರು ಕರಗುತ್ತದೆ. ಹಳದಿ ಮೊದಲೇ ಒಳಗಿರುತ್ತದೆ. ಕೆಂಪನ್ನು ಮಾತ್ರ ಎಲೆ ತನ್ನ ಸಕ್ಕರೆಯಿಂದ ಹೊಸದಾಗಿ ಮಾಡಿಕೊಳ್ಳುತ್ತದೆ. ಅದಕ್ಕೆ ಬಿಸಿಲಿನ ಹಗಲು, ತಂಪಾದ, ಆದರೆ ಹಿಮಗಟ್ಟದ ರಾತ್ರಿ ಬೇಕು. ಇಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು 7 ಗಂಟೆ ವ್ಯತ್ಯಾಸ. ನಮ್ಮೂರಲ್ಲಿ ಒಂದೂವರೆ ಗಂಟೆ ಅಷ್ಟೇ.

ಆದರೆ ನಮ್ಮ ಗೇಟಿನ ಹತ್ತಿರ ಸಾಗಡೆ ಮರ ಇದೆಯಲ್ಲ, ಅದನ್ನು ಕಡಿಸಿ ಸಿಲ್ವರ್ ಓಕ್ ಹಾಕ್ತೀನಿ ಅಂದಿರಿ. ಬೇಡಪ್ಪ. ಇಲ್ಲಿ ಉದುರುವ ಎಲೆ ಕೆಂಪು, ಸಾಗಡೆಯಲ್ಲಿ ಹುಟ್ಟುವ ಎಲೆಯೇ ಕೆಂಪು. ಪರೀಕ್ಷೆ ದಿನಗಳಲ್ಲಿ ಬಸ್ಸಿಗೆ ಕಾಯುತ್ತಾ ಅದರ ಕೆಳಗೇ ಓದುತ್ತಿದ್ದೆ. ಪುಸ್ತಕದ ಹಾಳೆಯೂ ಕೆಂಪಗೆ ಕಾಣುತ್ತಿತ್ತು. ಮೆಣಸಿಗೆ ಮರ ಬೇಕಿದ್ದರೆ ಕೆರೆ ಏರಿ ಪಕ್ಕ ಹಾಕಿಸಿ, ಅಲ್ಲಿ ಜಾಗ ಜಾಸ್ತಿ ಇದೆ.

ನಾಳೆ ಮೇಪಲ್ ಬುಡಕ್ಕೆ ತಂತಿಬಲೆ ಸುತ್ತಬೇಕು. ಹಿಮ ಬಿದ್ದ ಮೇಲೆ ಮೊಲಗಳು ತೊಗಟೆ ತಿನ್ನುತ್ತವೆ.

ಮಾರ್ಚಿನಲ್ಲಿ ಸಾಗಡೆ ಚಿಗುರಿದಾಗ ತಮ್ಮನ ಕೈಲಿ ಫೋಟೋ ತೆಗೆಸಿ ಕಳಿಸಿ. ಬೆಳಗಿನ ಬಿಸಿಲಲ್ಲಿ, ಕೆಳಗೆ ನಿಂತು ಮೇಲಕ್ಕೆ ನೋಡಿ ತೆಗೆಯಲು ಹೇಳಿ.

ನಿಮ್ಮ ಮಗಳು